ಕಲ್ಯಾಣ ಕರ್ನಾಟಕದಿಂದ ವಿದೇಶಿ ವಿಶ್ವವಿದ್ಯಾಲಯಕ್ಕೆ: ದೇಶ ಆರಿಸುವ ಮೊದಲು ಕಡತ ಸಿದ್ಧವಾಗಲಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮನೆಗಳಲ್ಲಿ ವಿದೇಶಿ ವ್ಯಾಸಂಗದ ಮಾತು ಸಾಮಾನ್ಯವಾಗಿ ದೇಶದ ಹೆಸರಿನಿಂದಲೇ ಆರಂಭವಾಗುತ್ತದೆ. ಕೆನಡಾ ಈಗ ಕಷ್ಟವಂತೆ, ಜರ್ಮನಿಯಲ್ಲಿ ಫೀಸು ಇಲ್ಲವಂತೆ, ಲಂಡನ್ನಿನಲ್ಲಿ ಒಂದೇ ವರ್ಷಕ್ಕೆ ಎಂಎಸ್‌ಸಿ ಮುಗಿಯುತ್ತದಂತೆ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತಿರುವಾಗ ಪಾಸ್‌ಪೋರ್ಟಿಗೆ ಅರ್ಜಿಯೇ ಹೋಗಿರುವುದಿಲ್ಲ, ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಿದ್ದರೂ ಯಾರೂ ಗಮನಿಸಿರುವುದಿಲ್ಲ, ಸಾಲಕ್ಕೆ ಆಧಾರವಾಗಬೇಕಾದ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಪ್ರವೇಶ ಪತ್ರ ಕೈಗೆ ಬಂದ ಮೇಲೂ ಒಂದು ವರ್ಷ ಹಿಂದೆ ಬೀಳುವವರಲ್ಲಿ ಹೆಚ್ಚಿನವರು ಇಂಥ ಮನೆಯೊಳಗಿನ ಕಾಗದಗಳಿಂದಲೇ ಹಿಂದೆ ಬೀಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾಗದ, ಹಣ, ದೇಶ, ವೀಸಾ ಎಂಬ ಕ್ರಮವನ್ನು ಅನುಸರಿಸಲಾಗಿದೆ. ಸೆಪ್ಟೆಂಬರ್‌ನಲ್ಲಿ ತರಗತಿ ಆರಂಭವಾಗುವುದಾದರೆ ಅದರ ಹಿಂದಿನ ವರ್ಷದ ಜೂನ್ ಅಥವಾ ಜುಲೈನಲ್ಲಿ, ಅಂದರೆ ಪದವಿಯ ಕೊನೆಯ ವರ್ಷ ಆರಂಭವಾಗುವಾಗ, ಮೊದಲ ಹೆಜ್ಜೆ ಇಡಬೇಕು.

ಮೊದಲ ಹೆಜ್ಜೆ: ಎಲ್ಲ ದಾಖಲೆಗಳಲ್ಲಿ ಒಂದೇ ಹೆಸರು

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಪದವಿಯ ಅಂಕಪಟ್ಟಿಗಳು, ಆಧಾರ್, ಪ್ಯಾನ್ ಮತ್ತು ಜನನ ಪ್ರಮಾಣಪತ್ರವನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ನಮ್ಮ ಭಾಗದಲ್ಲಿ ಒಬ್ಬನೇ ವಿದ್ಯಾರ್ಥಿ ಒಂದು ಕಾಗದದಲ್ಲಿ ಶರಣಬಸಪ್ಪ, ಇನ್ನೊಂದರಲ್ಲಿ ಶರಣಬಸವ, ಮತ್ತೊಂದರಲ್ಲಿ ಎಸ್. ಬಸಪ್ಪ ಆಗಿರುವುದು ತೀರ ಸಾಮಾನ್ಯ. ಮೊಹಮ್ಮದ್ ಎಂಬುದು ಒಂದೆಡೆ ಪೂರ್ಣವಾಗಿ, ಇನ್ನೊಂದೆಡೆ ಎಂಡಿ ಎಂದು ಬಂದಿರುತ್ತದೆ. ಊರಿನ ವ್ಯವಹಾರಕ್ಕೆ ಇದರಿಂದ ಏನೂ ತೊಂದರೆಯಾಗದಿದ್ದರೂ ವಿದೇಶದ ಪ್ರವೇಶ ವಿಭಾಗಕ್ಕೆ ಇವರು ಮೂರು ಬೇರೆ ಬೇರೆ ವ್ಯಕ್ತಿಗಳು. ಎಸ್‌ಎಸ್‌ಎಲ್‌ಸಿ ದಾಖಲೆಯನ್ನು ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿಯೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ತಿದ್ದುಪಡಿ ಅರ್ಜಿ ಹೋಗಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ಪಾಟೀಲ, ಬಿರಾದಾರ, ರಾಠೋಡ ಎಂಬಂತೆ ಮನೆತನದ ಹೆಸರು ಇದ್ದೂ ಅದನ್ನು ಬರೆಯದೆ ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಕೂರುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ. ಅಲ್ಲಿನ ಬ್ಯಾಂಕ್ ಖಾತೆ, ಚಾಲನಾ ಪರವಾನಗಿಗಳಿಗೆಲ್ಲ ಅದು ಬೆನ್ನು ಹತ್ತುತ್ತದೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ. ತತ್ಕಾಲ್‌ಗೆ ಅದರ ಮೇಲೆ 2,000 ರೂಪಾಯಿ. ಸರ್ಕಾರಿ ಜಾಲತಾಣದಲ್ಲಿ ಅರ್ಜಿ ತುಂಬಿ, ಅದು ತೋರಿಸುವ ಕೇಂದ್ರಗಳಲ್ಲಿ ಹತ್ತಿರದ್ದನ್ನು ಆರಿಸಿಕೊಂಡರೆ ಸಾಕು, ಮಧ್ಯವರ್ತಿಯ ಅಗತ್ಯವೇ ಇಲ್ಲ.

ಎರಡನೆಯ ಹೆಜ್ಜೆ: ಪದವಿಯ ಲೆಕ್ಕ

ವಿದೇಶಿ ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ನಕಲಿನ ಜೊತೆಗೆ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತವೆ. ಇದು ಎಲ್ಲ ಸೆಮಿಸ್ಟರ್‌ಗಳ ವಿಷಯ, ಕ್ರೆಡಿಟ್ ಮತ್ತು ಅಂಕಗಳನ್ನು ಒಟ್ಟಾಗಿ ತೋರಿಸಿ ವಿಶ್ವವಿದ್ಯಾಲಯವೇ ಮುದ್ರೆ ಹಾಕಿ ಕೊಡುವ ದಾಖಲೆ. ಯಾವ ವಿಶ್ವವಿದ್ಯಾಲಯದಿಂದ ಪಡೆಯಬೇಕು ಎಂಬಲ್ಲಿಯೇ ಹಲವರು ಎಡವುತ್ತಾರೆ. ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದರೂ ಪದವಿ ನೀಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಬೀದರ್ ವಿಶ್ವವಿದ್ಯಾಲಯ ಆರಂಭವಾಗುವ ಮೊದಲು ಆ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಓದಿದವರ ದಾಖಲೆ ಇರುವುದು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲಿರುವುದರಿಂದ ಪಶುವೈದ್ಯಕೀಯ ಪದವೀಧರರು ಮಾತ್ರ ಯಾವ ಜಿಲ್ಲೆಯ ಕಾಲೇಜಿನಲ್ಲಿ ಓದಿದ್ದರೂ ಬೀದರಿಗೇ ಬರಬೇಕು. ಹೋದಾಗ ಮುಚ್ಚಿ ಮುದ್ರೆ ಹಾಕಿದ ಲಕೋಟೆಗಳನ್ನು ಬೇಕಾದದ್ದಕ್ಕಿಂತ ಒಂದೆರಡು ಹೆಚ್ಚಾಗಿಯೇ ಮಾಡಿಸಿಕೊಳ್ಳಿ, ಜೊತೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬಗ್ಗೆ ಪತ್ರವನ್ನೂ ಪಡೆಯಿರಿ.

ಬಿಎ, ಬಿಎಸ್‌ಸಿ, ಬಿಕಾಂ ವಿದ್ಯಾರ್ಥಿಗಳು ವರ್ಷಗಳ ಲೆಕ್ಕವನ್ನೂ ನೋಡಬೇಕು. ಬ್ರಿಟನ್ ಮತ್ತು ಯುರೋಪಿನ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಮೂರು ವರ್ಷದ ಪದವಿ ಸಾಕಾದರೆ, ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷ ಬೇಕೆನ್ನುತ್ತವೆ. ಕರ್ನಾಟಕದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕನೆಯ ವರ್ಷದ ಆನರ್ಸ್ ಓದಲು ಅವಕಾಶವಿತ್ತು; 2024–25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಅಣ್ಣನಿಗೆ ಅನ್ವಯಿಸಿದ ನಿಯಮ ತಂಗಿಗೆ ಅನ್ವಯಿಸದೆ ಹೋಗಬಹುದು.

ಜರ್ಮನಿಗೆ ಹೋಗುವವರು ನಮ್ಮ ಸಿಜಿಪಿಎಯನ್ನು ಅಲ್ಲಿನ ಮಾಪನಕ್ಕೆ ಮನೆಯಲ್ಲಿಯೇ ಪರಿವರ್ತಿಸಿ ನೋಡಬಹುದು. ಗರಿಷ್ಠ ಅಂಕದಿಂದ ತಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. 10ರ ಮಾಪನದಲ್ಲಿ ಪಾಸಾಗಲು 4 ಬೇಕು ಎಂದಿಟ್ಟುಕೊಂಡರೆ 8 ಸಿಜಿಪಿಎ ಪಡೆದವರಿಗೆ 2.0 ಬರುತ್ತದೆ. ಅಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಉತ್ತಮ, ಮತ್ತು ಅನೇಕ ಕೋರ್ಸುಗಳು 2.5ಕ್ಕಿಂತ ಹೆಚ್ಚಿನವರನ್ನು ಪರಿಗಣಿಸುವುದಿಲ್ಲ.

ಅಂದಹಾಗೆ, ನಮ್ಮಲ್ಲಿ ಪ್ರತಿ ಕಡತದ ಮೊದಲ ಕಾಗದವಾಗಿರುವ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರಕ್ಕೆ ಈ ಕಡತದಲ್ಲಿ ಕೆಲಸವಿಲ್ಲ. ಅದು ರಾಜ್ಯದೊಳಗಿನ ಸೀಟು ಮತ್ತು ಹುದ್ದೆಗಳಿಗೆ ಸಂಬಂಧಿಸಿದ್ದು.

ಮೂರನೆಯ ಹೆಜ್ಜೆ: ಹಣ, ಅದರಲ್ಲೂ ಹೊಲ ಮತ್ತು ಬ್ಯಾಂಕು

ಮೊದಲು ವಿದ್ಯಾರ್ಥಿವೇತನಗಳನ್ನು ನೋಡಬೇಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿದ್ದು, ಅವುಗಳಲ್ಲಿ 115 ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿವೆ; ಉಳಿದವು ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬಗಳಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು, ವಯಸ್ಸು 35ರೊಳಗಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಇರಬೇಕು, ಪ್ರವೇಶ ಸಿಕ್ಕ ವಿಶ್ವವಿದ್ಯಾಲಯ ಜಗತ್ತಿನ ವಿಶ್ವವಿದ್ಯಾಲಯಗಳ ಕ್ಯೂಎಸ್ ಶ್ರೇಯಾಂಕ ಪಟ್ಟಿಯ ಮೊದಲ 500ರಲ್ಲಿರಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯವು ಪ್ರತ್ಯೇಕವಾಗಿ 20 ಸ್ಥಾನಗಳನ್ನು ನೀಡುತ್ತದೆ. ಸುರಪುರ, ಶಹಾಪುರ ಭಾಗದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಲಂಬಾಣಿ ತಾಂಡಾಗಳ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಅವರ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿಯಾಚೆಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಹೈದರಾಬಾದಿನ ನೆಂಟರು ಪಡೆದ ಯೋಜನೆಯನ್ನು ನೋಡಿ ಅದೇ ಸಚಿವಾಲಯಕ್ಕೆ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಜಾತಿಯ ಷರತ್ತಿಲ್ಲದವುಗಳಲ್ಲಿ ಬ್ರಿಟನ್ನಿನ ಚೀವನಿಂಗ್‌ಗೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಯುರೋಪಿನ ಎರಾಸ್ಮಸ್ ಮುಂಡಸ್‌ಗೆ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು.

ಉಳಿದವರಿಗೆ ಬ್ಯಾಂಕಿನ ಸಾಲವೇ ಗತಿ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಹೆಸರು ಕೇಳಿ ಹಲವರು ಆಸೆಯಿಂದ ಬರುತ್ತಾರೆ, ಆದರೆ ಅದು ಭಾರತದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ವಿದೇಶಿ ವ್ಯಾಸಂಗಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಖರ್ಚಿನ ಶೇ 15ರಷ್ಟನ್ನು ಕುಟುಂಬವೇ ಭರಿಸಬೇಕೆನ್ನುತ್ತವೆ ಮತ್ತು 7.5 ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಸ್ಥಿರಾಸ್ತಿಯ ಆಧಾರ ಕೇಳುತ್ತವೆ. ಆಯ್ದ ಕೆಲವು ವಿಶ್ವವಿದ್ಯಾಲಯಗಳಿಗೆ ಆಧಾರವಿಲ್ಲದೆ ಸಾಲ ಕೊಡುವ ಯೋಜನೆಗಳೂ ಇವೆ. ಆ ಪಟ್ಟಿಯನ್ನು ಅರ್ಜಿ ಹಾಕುವ ಮೊದಲೇ ಶಾಖೆಯಲ್ಲಿ ಕೇಳಿ ನೋಡಿದರೆ ವಿಶ್ವವಿದ್ಯಾಲಯದ ಆಯ್ಕೆಗೂ ಅನುಕೂಲ.

ಇಲ್ಲಿಯೇ ನಮ್ಮ ಭಾಗದ ದೊಡ್ಡ ತೊಡಕು ಎದುರಾಗುತ್ತದೆ. ಹದಿನೈದು ಎಕರೆ ತೊಗರಿ ಹೊಲವಿರುವ ರೈತ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ, ಮ್ಯಾನೇಜರು ಪಹಣಿಯನ್ನು ಮಡಚಿ ವಾಪಸು ಕೊಡುತ್ತಾ, “ಹೊಲ ಬ್ಯಾಡ್ರಿ ಗೌಡ್ರ, ಎನ್ಎ ಆಗಿದ್ದ ಪ್ಲಾಟ್ ಇದ್ರ ತೋರಸ್ರಿ” ಎನ್ನುತ್ತಾರೆ. ಇದು ಮ್ಯಾನೇಜರರ ಹಟವೇನೂ ಅಲ್ಲ. ಸಾಲ ಮರುಪಾವತಿಯಾಗದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿಯನ್ನು ಹರಾಜು ಹಾಕಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ತನ್ನ 31ನೆಯ ಕಲಮಿನಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ಹೊಲವನ್ನು ಕಾಪಾಡುವ ಆ ಕಲಮೇ ಅವನ ಮಗಳ ಸಾಲಕ್ಕೆ ಅಡ್ಡಿಯಾಗಿ ನಿಲ್ಲುತ್ತದೆ. ಹಾಗಾಗಿ ಕೃಷಿಯೇತರವಾಗಿ ಪರಿವರ್ತನೆಯಾದ ನಿವೇಶನ, ನಗರದ ಮನೆ, ಇಲ್ಲವೇ ಬ್ಯಾಂಕ್ ಠೇವಣಿಯನ್ನೇ ಆಧಾರವಾಗಿ ತೋರಿಸಬೇಕಾಗುತ್ತದೆ. ಆ ಆಸ್ತಿ ತಂದೆ ತಾಯಿಯದ್ದಲ್ಲದೆ ಸೋದರಮಾವನದ್ದೋ ಅಣ್ಣನದ್ದೋ ಆಗಿದ್ದು, ಅವರು ಜಾಮೀನುದಾರರಾಗಿ ಸಹಿ ಹಾಕುವುದಾದರೆ ಅನೇಕ ಬ್ಯಾಂಕುಗಳು ಒಪ್ಪುತ್ತವೆ.

ಆಸ್ತಿ ನಗರದಲ್ಲಿದ್ದರೆ ಇ-ಖಾತಾ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು, ಉಪನೋಂದಣಾಧಿಕಾರಿ ಕಚೇರಿಯ ಇಸಿ, ಅನುಮೋದಿತ ನಕ್ಷೆ, ತೆರಿಗೆ ರಸೀದಿ ಇವು ಬೇಕು. ಬ್ಯಾಂಕಿನ ವಕೀಲರು ಆಸ್ತಿ ಕೈಯಿಂದ ಕೈಗೆ ಬಂದ ಇಡೀ ಸರಪಣಿಯನ್ನು ಪರಿಶೀಲಿಸುತ್ತಾರೆ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಮೂರೂ ಜಿಲ್ಲೆಗಳಲ್ಲಿ ಹಳೆಯ ದಸ್ತಾವೇಜುಗಳು ಉರ್ದುವಿನಲ್ಲಿರುವುದುಂಟು; ಅವುಗಳಿಗೆ ದೃಢೀಕೃತ ಅನುವಾದ ಮಾಡಿಸಬೇಕಾಗುತ್ತದೆ, ಅದನ್ನು ಓದಿ ಬರೆಯಬಲ್ಲವರು ಈಗ ಕಡಿಮೆಯಾಗಿದ್ದಾರೆ. ಆಸ್ತಿ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಬದಲಾವಣೆಗೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ, ಹೊರಗೆ ಮದುವೆಯಾಗಿ ಹೋದ ಅತ್ತೆಯಂದಿರದ್ದೂ ಸೇರಿ. ಈ ಒಂದು ಕೆಲಸಕ್ಕೇ ಐದಾರು ತಿಂಗಳು ಮೀಸಲಿಡುವುದು ಜಾಣತನ.

ಎರಡನೆಯ ತೊಡಕು ಆದಾಯದ ದಾಖಲೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ರೈತ ಕುಟುಂಬಗಳು ಆದಾಯ ತೆರಿಗೆ ವಿವರ ಸಲ್ಲಿಸಿರುವುದಿಲ್ಲ. ಜನವರಿ, ಫೆಬ್ರುವರಿಯಲ್ಲಿ ತೊಗರಿ ಮಾರಿದ ಹಣ ಒಮ್ಮೆಲೇ ಖಾತೆಗೆ ಬಿದ್ದಾಗ, ಅದು ಸಾಲ ತಂದು ತೋರಿಸಿದ ಹಣವೇ ಎಂಬ ಸಂಶಯ ವೀಸಾ ಅಧಿಕಾರಿಗೆ ಬರುವುದು ಸಹಜ. ಆದ್ದರಿಂದ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಕೊಡುವ ಪಟ್ಟಿಯನ್ನು ಹರಿದೊಗೆಯದೆ, ಚೀಲಗಳ ಸಂಖ್ಯೆ, ತೂಕ, ದರ, ದಿನಾಂಕ ಕಾಣುವಂತೆ ಜೋಪಾನವಾಗಿಟ್ಟು, ಅದೇ ಮೊತ್ತ ಪಾಸ್‌ಬುಕ್ಕಿನಲ್ಲಿ ಕಾಣುವಂತೆ ಬ್ಯಾಂಕಿನ ಮೂಲಕವೇ ಹಣ ಪಡೆಯಿರಿ. ಎರಡು ಮೂರು ವರ್ಷದ ಪಟ್ಟಿಗಳು, ಪಹಣಿ ಮತ್ತು ತಹಶೀಲ್ದಾರರ ಆದಾಯ ಪ್ರಮಾಣಪತ್ರ ಸೇರಿದರೆ ರೈತನ ಆದಾಯಕ್ಕೆ ನಂಬಬಹುದಾದ ಪುರಾವೆ ಸಿದ್ಧವಾಗುತ್ತದೆ.

ವಿದೇಶಕ್ಕೆ ಕಳಿಸುವ ಸ್ವಂತ ಹಣ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಅದಿಲ್ಲ. ಹಿಡಿದ ಮೊತ್ತ ತೆರಿಗೆ ವಿವರ ಸಲ್ಲಿಸಿದರೆ ಮರಳಿ ಬರುತ್ತದೆ ಅಥವಾ ತೆರಿಗೆಗೆ ಹೊಂದಾಣಿಕೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಈಗ ದೇಶ

ಪ್ರತಿ ದೇಶವೂ ಫೀಸಿನ ಹೊರತಾಗಿ ಜೀವನ ವೆಚ್ಚಕ್ಕೆ ಇಷ್ಟು ಹಣವಿರಬೇಕು ಎಂದು ನಿಗದಿ ಮಾಡಿದೆ, ಮತ್ತು ಈ ಮೊತ್ತಗಳು ಇತ್ತೀಚೆಗೆ ಏರುತ್ತಲೇ ಇವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಪುಟದಲ್ಲಿರುವ ಮೊತ್ತವೇ ಅಂತಿಮ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎಂಬ ಮಾತು ಬಹುಮಟ್ಟಿಗೆ ನಿಜ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ಆರಂಭಿಸಿದೆ. ಆದರೆ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. 2022ರ ನವೆಂಬರ್‌ನಿಂದ ಭಾರತೀಯರಿಗೆ ಅಂಕಪಟ್ಟಿ, ಪದವಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದ್ದು ಅದರ ಶುಲ್ಕ 18,000 ರೂಪಾಯಿ. ಅದು ಬರಲು ವಾರಗಳು ಹಿಡಿಯುವುದರಿಂದ ಮೊದಲು ಇದಕ್ಕೇ ಅರ್ಜಿ ಹಾಕಬೇಕು. ಕಡಿಮೆ ಹಣವಿದ್ದು ಒಳ್ಳೆಯ ಅಂಕವಿರುವ ಇಂಜಿನಿಯರಿಂಗ್ ಪದವೀಧರರಿಗೆ ನಾನು ಮೊದಲು ಸೂಚಿಸುವುದು ಈ ದೇಶವನ್ನೇ, ಜರ್ಮನ್ ಭಾಷೆಯನ್ನು ಇಲ್ಲಿಯೇ ಕಲಿಯಲು ಆರಂಭಿಸುವುದಾದರೆ.

ಬ್ರಿಟನ್ನಿನಲ್ಲಿ 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳವರೆಗಿನ ಹಣ ತೋರಿಸಬೇಕು. ಈ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳುತ್ತದೆ. ಖಾತೆ ವಿದ್ಯಾರ್ಥಿಯದ್ದು ಇಲ್ಲವೇ ತಂದೆ ತಾಯಿಯದ್ದಾಗಿರಬೇಕು. ಕೂಡು ಕುಟುಂಬದಲ್ಲಿ ವ್ಯವಹಾರವೆಲ್ಲ ಕಾಕಾನ ಹೆಸರಿನಲ್ಲಿ ನಡೆಯುವ ಮನೆಗಳು ಈ ನಿಯಮವನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಕಾಕಾನ ಖಾತೆಯಲ್ಲಿ ಎಷ್ಟು ಹಣವಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ತಂದೆಯ ಖಾತೆಯಾದರೆ ಸಂಬಂಧ ತೋರಿಸಲು ಜನನ ಪ್ರಮಾಣಪತ್ರ ಬೇಕು. ಹಳ್ಳಿಯಲ್ಲಿ ಹುಟ್ಟಿ ನೋಂದಣಿಯಾಗದೇ ಉಳಿದವರು ವಿಳಂಬ ನೋಂದಣಿಯ ಕೆಲಸವನ್ನು ಮೊದಲ ಹೆಜ್ಜೆಯಲ್ಲಿಯೇ ಸೇರಿಸಿಕೊಳ್ಳಲಿ. ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರವೂ ಬೇಕು.

ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು, ಅದೇ ವರ್ಷದ ನವೆಂಬರ್‌ನಲ್ಲಿ ತ್ವರಿತ ಅರ್ಜಿಯ ಸೌಲಭ್ಯವನ್ನು ನಿಲ್ಲಿಸಿತು, 2025ರ ಸೆಪ್ಟೆಂಬರ್‌ನಿಂದ ಜೀವನ ವೆಚ್ಚದ ಮೊತ್ತವನ್ನು 22,895 ಕೆನಡಾ ಡಾಲರ್‌ಗೆ ಏರಿಸಿತು. ಆಸ್ಟ್ರೇಲಿಯಾದಲ್ಲಿ 29,710 ಡಾಲರ್ ತೋರಿಸಬೇಕು, ಮತ್ತು 2025ರ ಜುಲೈನಿಂದ ವೀಸಾ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ಸಿಗದಿದ್ದರೆ ಆ ಹಣ ಮರಳಿ ಬರುವುದಿಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಒಂದು ವರ್ಷದ ಒಟ್ಟು ವೆಚ್ಚಕ್ಕೆ ಹಣ ತೋರಿಸಬೇಕು.

ಐಇಎಲ್‌ಟಿಎಸ್ ಮುಂತಾದ ಭಾಷಾ ಪರೀಕ್ಷೆಗಳ ಅಂಕ ಎರಡು ವರ್ಷ ಊರ್ಜಿತವಾಗಿರುತ್ತದೆ. ಅಕ್ಟೋಬರ್‌ನೊಳಗೆ ಬರೆದು ಮುಗಿಸಿದರೆ ಮತ್ತೊಮ್ಮೆ ಬರೆಯಲು ಸಮಯ ಉಳಿಯುತ್ತದೆ. ಈ ಕೋರ್ಸನ್ನೇ ಏಕೆ ಓದಬೇಕು ಎಂದು ವಿವರಿಸುವ ಉದ್ದೇಶ ಪತ್ರವನ್ನು (ಎಸ್ಒಪಿ) ಸ್ವತಃ ಬರೆಯಿರಿ. ಕನ್ಸಲ್ಟನ್ಸಿಯವರು ಎಲ್ಲರಿಗೂ ಹಂಚುವ ಮಾದರಿಯನ್ನು ಪ್ರವೇಶ ವಿಭಾಗದವರು ನೂರು ಬಾರಿ ಓದಿರುತ್ತಾರೆ.

ಐದನೆಯ ಹೆಜ್ಜೆ: ವೀಸಾ, ಮತ್ತು ಕನ್ಸಲ್ಟನ್ಸಿಯ ಮಿತಿ

ಅಮೆರಿಕದ ಎಫ್-1 ವೀಸಾಕ್ಕೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಗೆ 350 ಡಾಲರ್ ಶುಲ್ಕ, 185 ಡಾಲರ್ ಅರ್ಜಿ ಶುಲ್ಕ ಕಟ್ಟಿ, ಡಿಎಸ್-160 ಎಂಬ ವೀಸಾ ಅರ್ಜಿ ನಮೂನೆ ತುಂಬಿ, ಸಂದರ್ಶನಕ್ಕೆ ಹೋಗಬೇಕು. ಕರ್ನಾಟಕದವರು ಹೈದರಾಬಾದಿನ ಕಾನ್ಸುಲೇಟಿನಲ್ಲಿ ದಿನಾಂಕ ಪಡೆಯಲು ಅಡ್ಡಿಯಿಲ್ಲದಿರುವುದು ಬೀದರಿನವರಿಗಂತೂ ದೊಡ್ಡ ಅನುಕೂಲ. ಜರ್ಮನಿಯ ವಿಷಯದಲ್ಲಿ ಹಾಗಲ್ಲ. ಕರ್ನಾಟಕ ಬೆಂಗಳೂರಿನ ಕಾನ್ಸುಲೇಟಿನ ವ್ಯಾಪ್ತಿಗೆ ಬರುವುದರಿಂದ ಹತ್ತಿರದ ನಗರ ಎಂಬ ಲೆಕ್ಕ ಅಲ್ಲಿ ನಡೆಯದು. 2025ರ ಜೂನ್‌ನಿಂದ ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕಾಗಿದೆ. ಸಂದರ್ಶನದಲ್ಲಿ ಖರ್ಚು ಯಾರು ಭರಿಸುತ್ತಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಂದೆ ರೈತ, ಇಷ್ಟು ಎಕರೆ, ಇಂಥ ಬೆಳೆ, ಇಷ್ಟು ಸಾಲ ಮಂಜೂರಾಗಿದೆ ಎಂದು ನಾಲ್ಕು ವಾಕ್ಯದಲ್ಲಿ ನೇರವಾಗಿ ಹೇಳಿದರೆ ಸಾಕು. ರೈತನೆಂದು ಹೇಳಲು ಹಿಂಜರಿದು ವ್ಯಾಪಾರಿ ಎನ್ನುವುದು ಅನಗತ್ಯ ಅಪಾಯ.

ಕನ್ಸಲ್ಟನ್ಸಿಗಳು ಉಚಿತ ಸೇವೆ ನೀಡುವುದಕ್ಕೆ ಕಾರಣ, ವಿದ್ಯಾರ್ಥಿ ಸೇರಿದ ಮೇಲೆ ವಿಶ್ವವಿದ್ಯಾಲಯದಿಂದ ಅವರಿಗೆ ಕಮಿಷನ್ ಬರುತ್ತದೆ. ಕಮಿಷನ್ ಕೊಡದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರು ಅವರ ಬಾಯಲ್ಲಿ ಅಪರೂಪವಾಗಿರುವುದು ಇದೇ ಕಾರಣಕ್ಕೆ. ಅವರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ, ಆದರೆ ಮೂಲ ಅಂಕಪಟ್ಟಿಗಳನ್ನು ಅವರ ಕಚೇರಿಯಲ್ಲಿ ಬಿಡಬೇಡಿ, ಅರ್ಜಿಯ ಇಮೇಲ್ ಮತ್ತು ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಕೆಲವು ದಿನಗಳ ಮಟ್ಟಿಗೆ ಖಾತೆಯಲ್ಲಿ ಹಣ ತೋರಿಸಿ ಕೊಡುತ್ತೇವೆ, ಅನುಭವದ ಪತ್ರ ಮಾಡಿಸಿ ಕೊಡುತ್ತೇವೆ ಎನ್ನುವವರಿಂದ ಅಲ್ಲಿಗೇ ಎದ್ದು ಬನ್ನಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ನಿಷೇಧ ಹೇರುತ್ತದೆ, ಮತ್ತು ಆ ನಿಷೇಧ ಬೀಳುವುದು ವಿದ್ಯಾರ್ಥಿಯ ಮೇಲೆ.

ವೈದ್ಯಕೀಯ ಓದುವವರಿಗೆ ಪ್ರತ್ಯೇಕವಾಗಿ

ಎಂಬಿಬಿಎಸ್‌ಗಾಗಿ ಹೊರಡುವವರ ನಿಯಮಗಳೇ ಬೇರೆ, ಮತ್ತು ಅವು ಹೆಚ್ಚು ಕಠಿಣ. ನೀಟ್ ಅರ್ಹತೆಯಿಲ್ಲದೆ ಹೋದರೆ ಮರಳಿ ಬಂದು ಇಲ್ಲಿ ವೈದ್ಯರಾಗಲು ಸಾಧ್ಯವಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ಆ ಪದವಿಯಿಂದ ಆ ದೇಶದಲ್ಲಿಯೇ, ಅಲ್ಲಿನ ಪ್ರಜೆಗಳಿಗೆ ಸಮನಾಗಿ, ವೈದ್ಯ ವೃತ್ತಿಗೆ ನೋಂದಣಿ ಸಿಗುವಂತಿರಬೇಕು. ವಿದೇಶಿಯರಿಗೆಂದೇ ನಡೆಸುವ ಕೋರ್ಸುಗಳು ಈ ಷರತ್ತಿನಲ್ಲಿ ಸೋಲುವ ಸಂಭವವಿದೆ. ಮರಳಿದ ಮೇಲೆ ಅರ್ಹತಾ ಪರೀಕ್ಷೆ ಪಾಸಾಗಿ ಇಲ್ಲಿಯೂ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಈ ಷರತ್ತುಗಳಿಗೆ ಕಾಲೇಜು ಒಂದೊಂದಾಗಿ ಲಿಖಿತ ಉತ್ತರ ಕೊಡದಿದ್ದರೆ ಮುಂಗಡ ಹಣ ಕಟ್ಟಬಾರದು.

ಹೊರಡುವ ಮುನ್ನ

ಮೂಲ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಮನೆಯಲ್ಲೊಂದು ಪ್ರತಿ ಇಡಿ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿ. ಯುದ್ಧ, ಅಪಘಾತ, ಬಂಧನದಂಥ ಸಂದರ್ಭಗಳಲ್ಲಿ ರಾಯಭಾರ ಕಚೇರಿಗೆ ನಿಮ್ಮ ವಿವರ ಮೊದಲೇ ತಿಳಿದಿರುತ್ತದೆ. ಮರಳಿ ಬಂದು ಇಲ್ಲಿ ಉಪನ್ಯಾಸಕರಾಗುವ ಅಥವಾ ಪಿಎಚ್‌ಡಿ ಮಾಡುವ ಆಲೋಚನೆ ಇದ್ದರೆ, ವಿದೇಶಿ ಪದವಿಗಳ ತತ್ಸಮಾನತೆಗೆ ಯುಜಿಸಿ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮಾವಳಿಯನ್ನು ಕೋರ್ಸು ಆರಿಸುವ ಹಂತದಲ್ಲಿಯೇ ಓದಿಕೊಳ್ಳಬೇಕು. ತಂದೆ ತಾಯಿಯಲ್ಲಿ ಒಬ್ಬರಿಗೆ ಅಥವಾ ನಂಬಿಕೆಯ ಸಂಬಂಧಿಗೆ ಅಧಿಕಾರ ಪತ್ರ ಬರೆದುಕೊಟ್ಟು ಹೋಗುವುದೂ ಒಳ್ಳೆಯದು. ಎರಡನೆಯ ಕಂತಿನ ಸಾಲ ಬಿಡುಗಡೆಗೆ, ಘಟಿಕೋತ್ಸವದ ಮೂಲ ಪದವಿ ಪತ್ರ ಪಡೆಯುವುದಕ್ಕೆ ಇಲ್ಲಿ ಯಾರಾದರೊಬ್ಬರು ಸಹಿ ಹಾಕಬೇಕಾಗುತ್ತದೆ.